ಅಳೆದದ್ದನ್ನು ಮತ್ತೊಮ್ಮೆ ಅಳೆಯುವುದು



ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯ ಬಗ್ಗೆ ಕನ್ನಡದಲ್ಲಿ ಸಾವಧಾನವಾಗಿ ಮಾತನಾಡುವ ಅವಕಾಶ ನನಗೆ ಹೆಚ್ಚು ಸಿಕ್ಕಿಲ್ಲ. ಅದನ್ನು ಒದಗಿಸಿದ ನಿಮಗೆ ಕೃತಜ್ಞನಾಗಿದ್ದೇನೆ. ನಾನು ವೈದ್ಯನಲ್ಲ. ವಿಕಿರಣ ಯಂತ್ರಗಳನ್ನು ಅಳೆದು, ಲೆಕ್ಕ ಹಾಕಿ, ಈ ರೋಗಿಗೆ ಈ ಕೋನದಿಂದ ಇಷ್ಟು ಹೊತ್ತು ಕಿರಣ ಬಿಡಬಹುದು ಎಂದು ಸಹಿ ಹಾಕುವ ಕೆಲಸದಲ್ಲಿ ಆಯುಸ್ಸು ಕಳೆದವನು. ಆಸ್ಪತ್ರೆಗಳಲ್ಲಿ ನಮ್ಮನ್ನು ಮೆಡಿಕಲ್ ಫಿಸಿಸಿಸ್ಟ್ ಎನ್ನುತ್ತಾರೆ. ನಮ್ಮ ಮುಖ ನೋಡುವ ರೋಗಿಗಳು ಕಡಿಮೆ. ನಮ್ಮ ಲೆಕ್ಕ ಮಾತ್ರ ಅವರ ಮೈಯೊಳಗೆ ಹೋಗುತ್ತದೆ.

ಇಂದು ನಾನು ನಾಲ್ಕು ವಿಷಯಗಳನ್ನು ಹೇಳಬೇಕೆಂದಿದ್ದೇನೆ. ಈ ಚಿಕಿತ್ಸೆಯಲ್ಲಿ ಅಳತೆಗೆ ಏಕೆ ಅಷ್ಟೊಂದು ಬೆಲೆ ಎಂಬುದು ಮೊದಲನೆಯದು. ಬೇರೆ ಬೇರೆ ದೇಶಗಳಲ್ಲಿ ಅಳತೆ ತಪ್ಪಿದ ಕೆಲವು ಪ್ರಸಂಗಗಳು ಎರಡನೆಯದು. ಚಿಕಿತ್ಸೆಯ ಕೋಣೆಯೊಳಗೆ ಪ್ರತಿದಿನ ನಡೆಯಬೇಕಾದ ಎಚ್ಚರ ಮೂರನೆಯದು. ಕೊನೆಯದು ಮಾತು, ಭಾಷೆ ಮತ್ತು ರೋಗಿಯ ಪಾಲು. ಕೋಟಿಗಟ್ಟಲೆ ಬೆಲೆಯ ಹೊಸ ಯಂತ್ರಗಳ ವರ್ಣನೆಗೆ ನಾನು ಹೋಗುವುದಿಲ್ಲ. ಅವು ಬೇಕು, ಬರಲಿ. ಆದರೆ ಒಬ್ಬರು ಅಳೆದದ್ದನ್ನು ಇನ್ನೊಬ್ಬರು ಅಳೆದು ನೋಡುವ ಪದ್ಧತಿ ಇಲ್ಲದ ಕಡೆ ಎಂಥ ಯಂತ್ರವೂ ರೋಗಿಯನ್ನು ಕಾಯಲಾರದು ಎಂದು ನಾನು ನಂಬಿದ್ದೇನೆ. ನನ್ನ ಮಾತೆಲ್ಲ ಆ ನಂಬಿಕೆಯ ಸುತ್ತಲೇ ಇದೆ.

ಮೊದಲಿಗೆ ಅಳತೆಯ ವಿಚಾರ. 1895ರ ನವೆಂಬರಿನಲ್ಲಿ ರಾಂಟ್‌ಜೆನ್ ಎಕ್ಸ್-ಕಿರಣವನ್ನು ಕಂಡುಹಿಡಿದ ಕೆಲವೇ ಕಾಲದಲ್ಲಿ ವೈದ್ಯರು ಅದನ್ನು ಗೆಡ್ಡೆಗಳ ಮೇಲೆ ಬಿಟ್ಟು ನೋಡತೊಡಗಿದರು. ಆಗ ಕಿರಣವನ್ನು ಅಳೆಯಲು ಸರಿಯಾದ ಉಪಕರಣವೇ ಇರಲಿಲ್ಲ. ಚರ್ಮ ಎಷ್ಟು ಹೊತ್ತಿಗೆ ಕೆಂಪಾಗುತ್ತದೆ ಎನ್ನುವುದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದರು. ಇಂದು ನಮ್ಮ ಮಾನದ ಹೆಸರು ಗ್ರೇ. ಒಂದು ಕಿಲೋ ಅಂಗಾಂಶ ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದು ಒಂದು ಗ್ರೇ.

ಒಂದು ಜೂಲ್ ಎಂದರೆ ಎಷ್ಟು? 70 ಕಿಲೋ ತೂಕದ ಮನುಷ್ಯನ ಇಡೀ ಮೈಗೆ ಒಮ್ಮೆಲೇ 4 ಗ್ರೇ ಬಿದ್ದರೆ, ಚಿಕಿತ್ಸೆ ಸಿಗದಿದ್ದಲ್ಲಿ, ಅಂಥವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬದುಕಲಾರರು. ಆ ಮನುಷ್ಯನ ಮೈ ಹೀರಿದ ಒಟ್ಟು ಶಕ್ತಿ 280 ಜೂಲ್. ಒಂದು ಚಮಚಕ್ಕಿಂತ ಕಡಿಮೆ ಬಿಸಿ ಕಾಫಿ ಗಂಟಲಲ್ಲಿ ಇಳಿದರೆ ಮೈಗೆ ಸೇರುವ ಶಾಖ ಅಷ್ಟೇ. ಕಾಫಿಯ ಬಿಸಿ ನಾಲಿಗೆಗೆ ತಿಳಿಯುತ್ತದೆ, ಈ ಕಿರಣ ಯಾವ ಇಂದ್ರಿಯಕ್ಕೂ ತಿಳಿಯುವುದಿಲ್ಲ. ಅದು ಸುಡುವುದಿಲ್ಲ, ಚುಚ್ಚುವುದಿಲ್ಲ, ಜೀವಕೋಶದೊಳಗಿನ ಡಿಎನ್ಎ ಎಳೆಯನ್ನು ಮುರಿಯುತ್ತದೆ. ನಮ್ಮ ಹಳ್ಳಿಗಳ ರೋಗಿಗಳು ಇದನ್ನು ‘ಕರೆಂಟ್ ಕೊಡೋದು’ ಎನ್ನುತ್ತಾರೆ. ಮೊದಲ ದಿನ ಮುಗಿಸಿ ಹೊರಬಂದವರು ಅನುಮಾನದಿಂದ ಕೇಳುವುದುಂಟು: "ಕರೆಂಟ್ ಕೊಟ್ರಾ? ಏನೂ ಗೊತ್ತೇ ಆಗ್ಲಿಲ್ವಲ್ಲ!" ಗೊತ್ತಾಗದಿರುವುದು ರೋಗಿಗೆ ಸುಖ. ಅಳೆಯುವವರಿಗೆ ಅದೇ ದೊಡ್ಡ ಭಯ. ಹೆಚ್ಚಾಗಿ ಕೊಟ್ಟರೂ ಆ ಕ್ಷಣದಲ್ಲಿ ಯಾರಿಗೂ ತಿಳಿಯುವುದಿಲ್ಲ.

ನಮ್ಮಲ್ಲಿ ಬಹಳ ಕಾಣುವ ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, 35 ಸಿಟಿಂಗ್‌ಗಳಲ್ಲಿ 70 ಗ್ರೇ ಕೊಡುತ್ತೇವೆ. ಗೆಡ್ಡೆಯಿಂದ ಕೆಲವೇ ಸೆಂಟಿಮೀಟರ್ ಹಿಂದೆ ಬೆನ್ನುಹುರಿ ಇದೆ. ಅದಕ್ಕೆ 50 ಗ್ರೇ ದಾಟದಂತೆ ನೋಡಿಕೊಳ್ಳಬೇಕು. ಗೆಡ್ಡೆಗೆ ಕಡಿಮೆಯಾದರೆ ರೋಗ ಮರಳುತ್ತದೆ, ಹುರಿಗೆ ಹೆಚ್ಚಾದರೆ ಕೈಕಾಲು ಬೀಳಬಹುದು. ಆದ್ದರಿಂದಲೇ ಗೆಡ್ಡೆಗೆ ತಲುಪುವ ಪ್ರಮಾಣ ಬರೆದುಕೊಟ್ಟದ್ದಕ್ಕಿಂತ ಶೇ. 5ರಷ್ಟು ಆಚೀಚೆ ಮೀರಬಾರದು ಎಂದು ವಿಕಿರಣ ಮಾನಗಳ ಅಂತರರಾಷ್ಟ್ರೀಯ ಆಯೋಗ 1976ರಲ್ಲೇ ಸೂಚಿಸಿತು. ಈ ಶೇ. 5 ಯಂತ್ರವೊಂದರ ಪಾಲಲ್ಲ. ಯಂತ್ರದ ಅಳತೆ, ಕಂಪ್ಯೂಟರಿನ ಯೋಜನೆ, ರೋಗಿ ಮಲಗಿದ ಭಂಗಿ ಎಲ್ಲವೂ ಅದನ್ನೇ ಹಂಚಿಕೊಳ್ಳಬೇಕು. ಒಂದೊಂದರ ಪಾಲಿಗೆ ಒಂದೋ ಎರಡೋ ಶೇಕಡಾ ಸಿಕ್ಕರೆ ಹೆಚ್ಚು. ಸಾರಿಗೆ ಉಪ್ಪು ಜಾಸ್ತಿಯಾದರೆ ನೀರು ಬೆರೆಸಬಹುದು. ಮೈಗೆ ಹೋದ ಗ್ರೇಯನ್ನು ಯಾರೂ ಹಿಂದಕ್ಕೆ ತೆಗೆಯಲಾರರು.

ಇನ್ನು ಎರಡನೆಯ ವಿಷಯಕ್ಕೆ ಬರುತ್ತೇನೆ. ಇದು ಹೇಳಲು ಕಷ್ಟದ ಭಾಗ. ಆದರೂ ಇದನ್ನೇ ಹೆಚ್ಚು ಹೊತ್ತು ಹೇಳುತ್ತೇನೆ, ಏಕೆಂದರೆ ನಮ್ಮ ಇಂದಿನ ನಿಯಮಗಳಲ್ಲಿ ಬಹಳಷ್ಟು ಈ ನೋವುಗಳಿಂದಲೇ ಹುಟ್ಟಿದವು.

1996ರಲ್ಲಿ ಕೋಸ್ಟರಿಕ ದೇಶದ ಸ್ಯಾನ್ ಹೋಸೆ ನಗರದ ಆಸ್ಪತ್ರೆಯೊಂದರಲ್ಲಿ ಕೋಬಾಲ್ಟ್ ಯಂತ್ರದ ಹಳೆಯ ವಿಕಿರಣ ಮೂಲವನ್ನು ತೆಗೆದು ಹೊಸದನ್ನು ಕೂರಿಸಿದರು. ಹೊಸ ಮೂಲ ಎಷ್ಟು ಬಲವಾಗಿದೆ ಎಂದು ಅಳೆಯುವಾಗ ಯಂತ್ರದ ಗಡಿಯಾರದಲ್ಲಿ ಇಟ್ಟ ಸಮಯ 0.3 ನಿಮಿಷ. 0.3 ನಿಮಿಷ ಎಂದರೆ 18 ಸೆಕೆಂಡ್. ಲೆಕ್ಕ ಹಾಕುವಾಗ ಅದನ್ನು 30 ಸೆಕೆಂಡ್ ಎಂದು ಹಿಡಿದರು. 18 ಸೆಕೆಂಡಿನಲ್ಲಿ ಬಂದ ಕಿರಣ 30 ಸೆಕೆಂಡಿನಲ್ಲಿ ಬಂದಿದೆ ಎಂದುಕೊಂಡ ಕೂಡಲೇ ಮೂಲ ದುರ್ಬಲ ಎಂದು ಕಂಡಿತು. ದುರ್ಬಲವೆಂದು ಕಂಡದ್ದರಿಂದ ಪ್ರತಿ ರೋಗಿಗೂ ಹೆಚ್ಚು ಹೊತ್ತು ಕಿರಣ ಕೊಟ್ಟರು. ಒಂದು ದಶಾಂಶ ಚುಕ್ಕಿಯ ಗೊಂದಲ, 115 ರೋಗಿಗಳು. ತಿಂಗಳೊಂದು ಕಳೆದು, ರೋಗಿಗಳ ಚರ್ಮ ಮತ್ತು ಕರುಳಿನ ತೊಂದರೆ ಮಿತಿಮೀರಿದ್ದನ್ನು ವೈದ್ಯರು ಗಮನಿಸಿದ ಮೇಲೆ ತಪ್ಪು ಹೊರಬಿತ್ತು. ಬೇರೊಬ್ಬರು ಬೇರೊಂದು ಗಡಿಯಾರ ಹಿಡಿದು ಅದೇ ದಿನ ಮತ್ತೊಮ್ಮೆ ಅಳೆದಿದ್ದರೆ ಸಾಕಿತ್ತು.

ಕಡಿಮೆ ಕೊಟ್ಟದ್ದೂ ಅಪಘಾತವೇ. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ 1982ರಿಂದ 1991ರವರೆಗೆ, ಕಂಪ್ಯೂಟರ್ ಆಗಲೇ ಸೇರಿಸಿಕೊಂಡಿದ್ದ ದೂರದ ತಿದ್ದುಪಡಿಯನ್ನು ಕೈಯಿಂದಲೂ ಮತ್ತೊಮ್ಮೆ ಸೇರಿಸುತ್ತಿದ್ದರು. ಸಾವಿರದಷ್ಟು ರೋಗಿಗಳಿಗೆ ಬೇಕಾದ್ದಕ್ಕಿಂತ ಕಡಿಮೆ ಸಿಕ್ಕಿತು. ಒಂಬತ್ತು ವರ್ಷ ಯಾರಿಗೂ ತಿಳಿಯಲಿಲ್ಲ. ಹೆಚ್ಚಾದರೆ ಚರ್ಮ ಕೂಗಿ ಹೇಳುತ್ತದೆ. ಕಡಿಮೆಯಾದರೆ ರೋಗ ಸದ್ದಿಲ್ಲದೆ ಮರಳುತ್ತದೆ, ಮನೆಯವರು ಹಣೆಬರಹ ಎಂದುಕೊಳ್ಳುತ್ತಾರೆ.

ಇಂಥದ್ದು ನನ್ನ ಕೈಯಿಂದಲೂ ಆಗುವುದರಲ್ಲಿತ್ತು. ಅದನ್ನು ಈ ವೇದಿಕೆಯಲ್ಲಿ ಹೇಳುವುದು ನನ್ನ ಕರ್ತವ್ಯ. ನಾವು ಅಳೆಯುವ ಉಪಕರಣ ಕಿರುಬೆರಳ ತುದಿಯಷ್ಟಿರುವ ಒಂದು ಗಾಳಿಗೂಡು. ಕಿರಣ ಆ ಗಾಳಿಯಲ್ಲಿ ಹಾಯುವಾಗ ಹುಟ್ಟುವ ವಿದ್ಯುದಂಶವನ್ನು ಎಣಿಸುತ್ತೇವೆ. ಗಾಳಿ ತೆಳುವಾದಷ್ಟೂ ಎಣಿಕೆ ಕಡಿಮೆ, ಆದ್ದರಿಂದ ಆ ದಿನದ ಉಷ್ಣತೆ ಮತ್ತು ಒತ್ತಡ ನೋಡಿ ತಿದ್ದಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಮಂಗಳೂರಿಗಿಂತ ಇಲ್ಲಿ ಗಾಳಿಯ ಒತ್ತಡ ಸುಮಾರು ಶೇ. 10ರಷ್ಟು ಕಡಿಮೆ. ಹವಾಮಾನ ವರದಿಯಲ್ಲಿ ಹೇಳುವ ಒತ್ತಡವಾದರೋ ಎಲ್ಲ ಊರುಗಳನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಅಂಕಿ. ನಾನು ಕೆಲಸಕ್ಕೆ ಸೇರಿದ ಹೊಸತು. ನಮ್ಮ ವಿಭಾಗದ ಬ್ಯಾರೋಮೀಟರ್ ಕೆಟ್ಟು ಕೂತಿತ್ತು. ಬೆಳಗ್ಗೆ ರೋಗಿಗಳ ಸಾಲು ಬೆಳೆಯುತ್ತಿತ್ತು. ವರದಿಯ ಅಂಕಿಯನ್ನೇ ಸೂತ್ರಕ್ಕೆ ಹಾಕಿಬಿಟ್ಟೆ. ಯಂತ್ರದ ಉತ್ಪನ್ನ ಶೇ. 10ರಷ್ಟು ಕುಸಿದಿದೆ ಎಂದು ಬಂತು. ಎಲ್ಲರ ಸಮಯವನ್ನೂ ಅಷ್ಟು ಹೆಚ್ಚಿಸಲು ಪೆನ್ನು ಎತ್ತಿದ್ದೆ. ಯಂತ್ರ ನಡೆಸುತ್ತಿದ್ದ ಟೆಕ್ನಾಲಜಿಸ್ಟ್, ನನಗಿಂತ ಕಿರಿಯ ಹುದ್ದೆಯವರು, ದಿನಚರಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತರು. "ಸಾರ್, ಕೋಬಾಲ್ಟು ತಿಂಗಳಿಗೆ ಒಂದು ಪರ್ಸೆಂಟ್ ಇಳಿಯುತ್ತೆ. ಒಂದೇ ರಾತ್ರೀಲಿ ಹತ್ತು ಹೇಗೆ ಇಳೀತು?" ಎಂದರು. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ಅವರ ಲೆಕ್ಕ ಸರಿಯಾಗಿತ್ತು. ಅಂದು ಒಬ್ಬ ರೋಗಿಗೂ ತಪ್ಪು ಅಳತೆ ಹೋಗಲಿಲ್ಲ. ಬೇರೆ ಕಡೆಯಿಂದ ಬ್ಯಾರೋಮೀಟರ್ ತರಿಸಿ ಅಳೆಯುವವರೆಗೆ ಎರಡು ಗಂಟೆ ಯಂತ್ರ ನಿಂತಿತು, ಸಾಲಿನಲ್ಲಿದ್ದವರು ಬೈದರು. ಆ ಎರಡು ಗಂಟೆಯ ಋಣ ನನ್ನ ಮೇಲೆ ಈಗಲೂ ಇದೆ. ಅವರು ಸುಮ್ಮನಿದ್ದಿದ್ದರೆ, ಅಥವಾ ‘ನಿನ್ನ ಕೆಲಸ ನೋಡಿಕೋ’ ಎಂದು ನಾನು ಗದರಿದ್ದರೆ ಏನಾಗುತ್ತಿತ್ತು ಎಂದು ಮೊದಮೊದಲು ರಾತ್ರಿಗಳಲ್ಲಿ ಎಚ್ಚರವಾಗುತ್ತಿತ್ತು.

ಈಗ ಸಾಫ್ಟ್‌ವೇರಿನ ಮಾತಿಗೆ ಬರೋಣ. ಇಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ಯಂತ್ರ 1985ರ ಜೂನ್‌ನಿಂದ 1987ರ ಜನವರಿಯವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಭೀಕರ ಪ್ರಮಾಣದ ವಿಕಿರಣ ಕೊಟ್ಟಿತು. ಅದು ಎಲೆಕ್ಟ್ರಾನ್ ಕಿರಣವನ್ನೂ ಎಕ್ಸ್-ಕಿರಣವನ್ನೂ ಕೊಡಬಲ್ಲ ಯಂತ್ರ. ಎಕ್ಸ್-ಕಿರಣಕ್ಕೆ ಎಲೆಕ್ಟ್ರಾನ್ ಪ್ರವಾಹ ಬಹಳ ಪಾಲು ಹೆಚ್ಚು ಬೇಕು, ನಡುವೆ ಲೋಹದ ಫಲಕವೊಂದು ಅದನ್ನು ತಡೆದು ಎಕ್ಸ್-ಕಿರಣವಾಗಿಸುತ್ತದೆ. ಟೆಕ್ಸಸ್‌ನ ಟೈಲರ್ ಊರಿನಲ್ಲಿ ಯಂತ್ರ ನಡೆಸುವಾಕೆ ‘ಎಕ್ಸ್’ ಎಂದು ಒತ್ತಿ, ತಪ್ಪಾಯಿತೆಂದು ಕೂಡಲೇ ‘ಇ’ ಎಂದು ತಿದ್ದಿದರು. ತಿದ್ದಿದ್ದು ಎಂಟು ಸೆಕೆಂಡಿನೊಳಗೆ ಮುಗಿದಿದ್ದರಿಂದ ಸಾಫ್ಟ್‌ವೇರಿನ ಒಂದು ಭಾಗ ಅದನ್ನು ಕಾಣಲೇ ಇಲ್ಲ. ಫಲಕ ಸರಿಯಿತು, ಪ್ರವಾಹ ಮಾತ್ರ ತಗ್ಗಲಿಲ್ಲ. ಪರದೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂದಷ್ಟೇ ಬಂತು. ಅದರ ಅರ್ಥ ಏನೆಂದು ಕೈಪಿಡಿಯಲ್ಲಿ ವಿವರಿಸಿರಲಿಲ್ಲ. ದಿನವೂ ಇಂಥ ಸಂದೇಶಗಳು ಬಂದು ಹೋಗುತ್ತಿದ್ದುದರಿಂದ ಅವರು ಮುಂದುವರಿಸುವ ಕೀಲಿ ಒತ್ತಿದರು.

ಇದರ ಹಿಂದಿನ ಮಾದರಿಯ ಯಂತ್ರದಲ್ಲೂ ಅದೇ ದೋಷ ಇತ್ತು. ಆದರೆ ಅದರಲ್ಲಿ ತಂತಿ ಮತ್ತು ಸ್ವಿಚ್ಚುಗಳ ಪ್ರತ್ಯೇಕ ರಕ್ಷಣೆ ಇದ್ದುದರಿಂದ ಫ್ಯೂಸ್ ಹೋಗಿ ಯಂತ್ರ ನಿಲ್ಲುತ್ತಿತ್ತು. ಹೊಸ ಯಂತ್ರದಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಎಂದು ಆ ರಕ್ಷಣೆಯನ್ನು ಕೈಬಿಟ್ಟಿದ್ದರು. ಎರಡನೆಯ ಕಣ್ಣು ಇತ್ತು, ಅದನ್ನು ಕಿತ್ತು ಹಾಕಿದ್ದರು. ಅಂಥದ್ದಾಗಲು ಸಾಧ್ಯವೇ ಇಲ್ಲ ಎಂಬುದು ತಯಾರಕರ ನಿಲುವಾಗಿತ್ತು. ಟೈಲರ್ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್, ಯಂತ್ರ ನಡೆಸುತ್ತಿದ್ದಾಕೆಯ ಜೊತೆ ಕೂತು, ಆ ದಿನ ಬೆರಳು ಹೇಗೆ ಓಡಿತ್ತೋ ಹಾಗೇ ಮತ್ತೆ ಮತ್ತೆ ಒತ್ತಿ ನೋಡಿ ಆ ತಪ್ಪನ್ನು ಕಣ್ಣೆದುರು ಮರುಕಳಿಸಿ ತೋರಿಸಿದರು. ದಿನವೂ ಯಂತ್ರದ ಎದುರು ಕೂರುವವರ ನೆನಪಿಗೆ ಎಷ್ಟು ಬೆಲೆ ಇದೆ ಎಂದು ನನಗೆ ಕಲಿಸಿದ ಪ್ರಸಂಗ ಇದು.

ಇನ್ನೊಂದನ್ನು ಚಿಕ್ಕದಾಗಿ ಹೇಳುತ್ತೇನೆ. 1992ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಇಂಡಿಯಾನಾ ಪಟ್ಟಣದಲ್ಲಿ, ದೇಹದೊಳಗಿಟ್ಟು ಚಿಕಿತ್ಸೆ ಕೊಡುವ ಇರಿಡಿಯಂ ಮೂಲ ತಂತಿಯಿಂದ ಮುರಿದು ರೋಗಿಯೊಳಗೇ ಉಳಿಯಿತು. ಕೋಣೆಯ ಗೋಡೆಯ ಮೇಲಿನ ಎಚ್ಚರಿಕೆಯ ದೀಪ ಹೇಳುತ್ತಲೇ ಇತ್ತು. ಹಿಂದೆ ಅದು ಸುಮ್ಮಸುಮ್ಮನೆ ಮಿನುಗಿದ್ದುಂಟು ಎಂದು ಯಾರೂ ನಂಬಲಿಲ್ಲ. ಕೈಯಲ್ಲಿ ಹಿಡಿಯುವ ಮೀಟರಿನಿಂದ ಒಮ್ಮೆ ನೋಡಿದ್ದರೆ ಆ ಜೀವ ಉಳಿಯುತ್ತಿತ್ತು.

ಈ ಎಲ್ಲದಕ್ಕೂ ಲೋಕ ಏನು ಉತ್ತರ ಕಂಡುಕೊಂಡಿತು? ನನಗೆ ಅತ್ಯಂತ ಪ್ರಿಯವಾದ ಉತ್ತರವೊಂದನ್ನು ಹೇಳುತ್ತೇನೆ. ಅದು ಅಂಚೆಯಲ್ಲಿ ಬರುತ್ತದೆ. 1969ರಿಂದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಆಸ್ಪತ್ರೆಗಳಿಗೆ ಪುಟ್ಟ ಕ್ಯಾಪ್ಸೂಲುಗಳನ್ನು ಕಳಿಸುತ್ತ ಬಂದವು. ಬಹಳ ಕಾಲ ಅವುಗಳ ಒಳಗೆ ಇರುತ್ತಿದ್ದುದು ಉಪ್ಪಿನ ಪುಡಿಯಂಥ ಲಿಥಿಯಂ ಫ್ಲೋರೈಡ್. ಆಸ್ಪತ್ರೆಯವರು ಅದನ್ನು ನೀರಿನ ತೊಟ್ಟಿಯಲ್ಲಿ ಹೇಳಿದ ಆಳಕ್ಕೆ ಇಳಿಸಿ, ತಮ್ಮ ಲೆಕ್ಕದಂತೆ 2 ಗ್ರೇ ಕೊಟ್ಟು, ಲಕೋಟೆಯಲ್ಲಿ ವಾಪಸು ಕಳಿಸಬೇಕಿತ್ತು. ಪ್ರಯೋಗಾಲಯದಲ್ಲಿ ಆ ಪುಡಿಯನ್ನು ಕಾಯಿಸಿದರೆ, ಹೀರಿಕೊಂಡ ವಿಕಿರಣಕ್ಕೆ ತಕ್ಕಷ್ಟು ಬೆಳಕು ಹೊಮ್ಮುತ್ತಿತ್ತು. ನೀವು 2 ಎಂದಿರಿ, ಪುಡಿ ಎಷ್ಟು ಎನ್ನುತ್ತದೆ? ಶುರುವಿನ ವರ್ಷಗಳಲ್ಲಿ ಶೇ. 5ರ ಮಿತಿಯೊಳಗೆ ಬಂದವು ಸುಮಾರು ಅರ್ಧದಷ್ಟು ಮಾತ್ರ. ವರ್ಷ ಕಳೆದಂತೆ ಬಹುಪಾಲು ಆಸ್ಪತ್ರೆಗಳು ಮಿತಿಯೊಳಗೆ ಬಂದವು. ನಮ್ಮ ದೇಶದಲ್ಲಿ ಇಂಥ ಅಂಚೆ ಪರೀಕ್ಷೆಯನ್ನು ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ನಡೆಸುತ್ತದೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇಲ್ಲದೆ ಇಲ್ಲಿ ಯಾರೂ ಚಿಕಿತ್ಸಾ ಯಂತ್ರ ನಡೆಸುವಂತಿಲ್ಲ. ಅಂಚೆಯವನ ಕೈಯಲ್ಲಿ ಬರುವ ಆ ಫಲಿತಾಂಶದ ಲಕೋಟೆ ಒಡೆಯುವಾಗ ಎಷ್ಟು ಅನುಭವವಿದ್ದರೂ ಎದೆ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳಲೇಬೇಕು.

ಮೂರನೆಯ ವಿಷಯಕ್ಕೆ, ಚಿಕಿತ್ಸೆಯ ಕೋಣೆಯ ಒಳಗೆ ಬರೋಣ. ಯಂತ್ರದ ಅಳತೆ ಎಷ್ಟೇ ಸರಿಯಿದ್ದರೂ ರೋಗಿ ಸರಿಯಾದ ಜಾಗದಲ್ಲಿ ಮಲಗಿರಬೇಕು. ತಲೆ, ಕುತ್ತಿಗೆಯ ರೋಗಿಗಳಿಗೆ ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಅಚ್ಚು ತೆಗೆಯುತ್ತೇವೆ. ಎರಡೇ ನಿಮಿಷದಲ್ಲಿ ಅದು ಗಟ್ಟಿಯಾಗತೊಡಗಿ ಮೂಗು, ಗಲ್ಲ, ಹುಬ್ಬಿನ ಆಕಾರ ಹಿಡಿಯುತ್ತದೆ. ದಿನವೂ ಅದನ್ನು ತೊಡಿಸಿ ಹಲಗೆಗೆ ಬಿಗಿದರೆ ತಲೆ ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಅಲುಗದು. ಆದರೆ ಮೂರನೆಯ ನಾಲ್ಕನೆಯ ವಾರಕ್ಕೆ ಬಾಯಲ್ಲಿ ಹುಣ್ಣಾಗಿ, ಮುದ್ದೆ ಇಳಿಯದೆ, ಗಂಜಿಯೂ ಕಷ್ಟವಾಗಿ ರೋಗಿ ಸೊರಗುತ್ತಾರೆ. ಕೆನ್ನೆ ಒಳಸರಿಯುತ್ತದೆ, ಮುಖವಾಡ ಸಡಿಲವಾಗುತ್ತದೆ. ಮೊದಲ ದಿನದ ಸ್ಕ್ಯಾನ್ ಮೇಲೆ ಮಾಡಿದ ಯೋಜನೆ ಈಗ ಆ ಮುಖಕ್ಕೆ ಹೊಂದುವುದಿಲ್ಲ. ಇದನ್ನು ಮೊದಲು ಕಾಣುವವರು ಟೆಕ್ನಾಲಜಿಸ್ಟ್. ಗಲ್ಲದ ಬಳಿ ಒಂದು ಬೆರಳು ತೂರಿಸಿ ನೋಡಿ, "ಇವರಿಗೆ ಹೊಸ ಮಾಸ್ಕ್ ಮಾಡಿ" ಎನ್ನುತ್ತಾರೆ. ಈಗಿನ ಯಂತ್ರಗಳಲ್ಲಿ ಪ್ರತಿದಿನ ಚಿತ್ರ ತೆಗೆದು ಮೂಳೆಗೆ ಮೂಳೆ ಹೊಂದಿಸಿ ನೋಡುವ ಸೌಕರ್ಯ ಇದೆ. ಆ ಬೆರಳಿನ ಪರೀಕ್ಷೆಯನ್ನು ಅದಕ್ಕಾಗಿ ಬಿಡಬೇಡಿ ಎಂದು ನಾನು ಕಿರಿಯರಿಗೆ ಹೇಳುತ್ತೇನೆ.

ದಿನಗಳ ಲೆಕ್ಕವೂ ಅಳತೆಯೇ. ತಲೆ, ಕುತ್ತಿಗೆಯ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಎಳೆದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ತಗ್ಗುತ್ತದೆ. ಹಬ್ಬಕ್ಕೆಂದು ಊರಿಗೆ ಹೋಗಿ ವಾರ ಬಿಟ್ಟು ಬರುವವರು, ಬಸ್ಸಿನ ಖರ್ಚಿಗಿಲ್ಲದೆ ನಿಲ್ಲಿಸಿದವರು, ಯಂತ್ರ ಕೆಟ್ಟು ಕಾಯುವವರು, ಎಲ್ಲರ ಗೆಡ್ಡೆಯೂ ಆ ಬಿಡುವಿನಲ್ಲಿ ಚೇತರಿಸಿಕೊಳ್ಳುತ್ತದೆ. ಆಸ್ಪತ್ರೆಯ ಪಕ್ಕ ರೋಗಿ ಮತ್ತು ಜೊತೆಗಾರರಿಗೆ ಏಳು ವಾರ ಉಳಿಯಲು ಒಂದು ಧರ್ಮಶಾಲೆ, ಎರಡು ಹೊತ್ತಿನ ಊಟ ಇದ್ದರೆ ಅದು ನನ್ನ ಲೆಕ್ಕದಲ್ಲಿ ವಿಕಿರಣ ಉಪಕರಣವೇ. ದತ್ತಿ ಇಡುವ ಮನಸ್ಸಿನವರು ಈ ಸಭೆಯಲ್ಲಿದ್ದೀರಿ, ಆದ್ದರಿಂದ ಇದನ್ನು ಬಿಡದೆ ಹೇಳುತ್ತಿದ್ದೇನೆ.

ಕೊನೆಯದಾಗಿ ಭಾಷೆಯ ವಿಚಾರ. ಫ್ರಾನ್ಸಿನ ಎಪಿನಾಲ್ ಊರಿನಲ್ಲಿ 2004-05ರಲ್ಲಿ 20ಕ್ಕೂ ಹೆಚ್ಚು ರೋಗಿಗಳಿಗೆ ವಿಕಿರಣ ಹೆಚ್ಚಾಯಿತು. ಅಲ್ಲಿನ ಸಿಬ್ಬಂದಿಗೆ ತರಬೇತಿ ಸಾಲದಾಗಿತ್ತು. ಯೋಜನೆಯ ಸಾಫ್ಟ್‌ವೇರಿನ ಪರದೆ, ಕೈಪಿಡಿ ಇಂಗ್ಲಿಷಿನಲ್ಲಿದ್ದವು, ಅವರು ಫ್ರೆಂಚ್ ಮಾತಾಡುವವರು. ಯೂರೋಪಿನ ಮುಂದುವರಿದ ದೇಶದಲ್ಲೇ ಹೀಗಾದರೆ, ನಮ್ಮ ರಾಯಚೂರು, ಚಾಮರಾಜನಗರಗಳಿಂದ ಬರುವವರ ಪಾಡು ಯೋಚಿಸಿ. ಎಡ ಸ್ತನದ ಕ್ಯಾನ್ಸರಿನಲ್ಲಿ ಉಸಿರು ತುಂಬಿ ಹಿಡಿದರೆ ಹೃದಯ ಕಿರಣದ ದಾರಿಯಿಂದ ದೂರ ಸರಿಯುತ್ತದೆ. ಆ ತಾಯಿಗೆ "ಉಸಿರು ಒಳಗ ಎಳ್ಕೊಳ್ರಿ, ಹಂಗ ಹಿಡ್ಕೊಳ್ರಿ" ಎಂದು ಅವರ ಕಿವಿಗೆ ಪರಿಚಯವಿರುವ ಕನ್ನಡದಲ್ಲಿ ಹೇಳಿದಾಗ ಎದೆ ಎಷ್ಟು ಸಲೀಸಾಗಿ ಏರುತ್ತದೆಂದು ನಾನು ಪರದೆಯ ಮೇಲೆ ಕಂಡಿದ್ದೇನೆ.

ಹೆಸರು ಕೇಳುವುದರಲ್ಲೂ ಒಂದು ಕ್ರಮ ಬೇಕು. ಲಕ್ಷ್ಮಮ್ಮ, ಶಿವಣ್ಣ ಎಂಬ ಹೆಸರಿನವರು ದಿನಕ್ಕೆ ಇಬ್ಬರಾದರೂ ಬರುತ್ತಾರೆ. "ಲಕ್ಷ್ಮಮ್ಮನವರಾ?" ಎಂದರೆ ಆಸ್ಪತ್ರೆಯ ಅಂಜಿಕೆಯಲ್ಲಿ ಯಾರಾದರೂ "ಹೂಂ" ಅಂದುಬಿಡುತ್ತಾರೆ. "ನಿಮ್ಮ ಹೆಸರು ಹೇಳಿ ತಾಯಿ, ಯಾವ ಊರು, ಎಲ್ಲಿಗೆ ಕರೆಂಟ್ ಕೊಡ್ತಿದಾರೆ?" ಎಂದು ಅವರ ಬಾಯಿಂದಲೇ ಹೇಳಿಸಬೇಕು. ಕಾರ್ಡಿನ ಮೇಲಿನ ಭಾವಚಿತ್ರ ನೋಡಿ ಮತ್ತೊಮ್ಮೆ ಹೋಲಿಸಬೇಕು.

ಬಾಯಿಯ ಕ್ಯಾನ್ಸರಿಗೆ ಬಂದ ಒಬ್ಬ ಅಜ್ಜಿಯ ನೆನಪಾಗುತ್ತಿದೆ. ಆಗಿನ್ನೂ ಎಲ್ಲ ದಾಖಲೆಯೂ ಕಾಗದದ ಮೇಲೆ. ಅಜ್ಜಿಗೆ ಓದು ಬರಹ ಇರಲಿಲ್ಲ. ಎಲೆಅಡಿಕೆ ಬಿಟ್ಟಿದ್ದರು, ಆದರೆ ಸಂಚಿ ಸೊಂಟದಲ್ಲೇ ಇತ್ತು. ಅದರೊಳಗೆ ಹುಣಸೆ ಬೀಜ ಇಟ್ಟುಕೊಂಡಿದ್ದರು. ಕರೆಂಟ್ ಮುಗಿಸಿ ಹೊರಬಂದ ಕೂಡಲೇ ಬೆಂಚಿನ ಮೇಲೆ ಕೂತು, ಒಂದು ಅರೆಯಿಂದ ಇನ್ನೊಂದು ಅರೆಗೆ ಒಂದು ಬೀಜ ದಾಟಿಸುತ್ತಿದ್ದರು. ಒಂದು ದಿನ ಟೆಕ್ನಾಲಜಿಸ್ಟ್ "ಅಜ್ಜಿ, ಇವತ್ತಿಗೆ ಇಪ್ಪತ್ಮೂರು ಆಯ್ತು" ಎಂದರು. ಅಜ್ಜಿ ಬೀಜಗಳನ್ನು ಬೆಂಚಿನ ಮೇಲೆ ಸುರಿದು ಎಣಿಸಿ, "ಇಪ್ಪತ್ತೆರಡೇ ಕಣಪ್ಪ" ಎಂದರು. ಕಾರ್ಡು ತೆಗೆದು ನೋಡಿದೆವು, ಇಪ್ಪತ್ಮೂರು ಸಹಿ ಇದ್ದವು. ಅಜ್ಜಿ ಒಪ್ಪಲಿಲ್ಲ. "ಆವತ್ತು ಮಳೆ ಬಂದು ಲೈಟ್ ಹೋಗಿ, ಮಿಷನ್ನು ನಿಂತು, ನನ್ನ ಅರ್ಧಕ್ಕೇ ಎಬ್ಬಿಸಿ ಕಳಿಸಿದ್ರಲ್ಲ. ಅರ್ಧಕ್ಕೆ ಹೆಂಗೆ ಬೀಜ ಹಾಕ್ಲಿ?"

ಯಂತ್ರದ ದಿನಚರಿ ತೆಗೆಸಿದೆವು. ಆ ತಾರೀಕಿಗೆ ವಿದ್ಯುತ್ ಹೋದದ್ದು ಬರೆದಿತ್ತು, ಅಜ್ಜಿಯ ಸಿಟಿಂಗ್ ಪೂರ್ತಿ ಆಗದಿದ್ದುದೂ ಬರೆದಿತ್ತು. ರೋಗಿಯ ಕಾರ್ಡಿನಲ್ಲಿ ಮಾತ್ರ ಪೂರ್ತಿ ಎಂದು ಸಹಿ ಬಿದ್ದಿತ್ತು. ಉಳಿದಿದ್ದ ಪಾಲನ್ನು ಲೆಕ್ಕ ಹಾಕಿ ವೈದ್ಯರಿಗೆ ತೋರಿಸಿ ಸೇರಿಸಿಕೊಂಡೆವು. ಕೊನೆಯ ದಿನ ಎಲ್ಲ ಬೀಜಗಳೂ ಆ ಅರೆಗೆ ದಾಟಿದ್ದವು. ಅಜ್ಜಿ ಸಂಚಿಯ ದಾರ ಎಳೆದು ಕಟ್ಟಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗನ ಹಿಂದೆ ಬಸ್ ಸ್ಟ್ಯಾಂಡಿನ ಕಡೆ ನಡೆದರು.